ಬೆಲ್ಜಿಯಂ ಬಿಯರ್ ವಿಮಾನಯಾನ: ಹದಿನಾಲ್ಕು ತಿಂಗಳ ಬಳಕೆಯ ನಂತರ

ಬೆಲ್ಜಿಯಂನ ಲುವೆನ್ ಊರಿನ ನನ್ನ ಬಾಡಿಗೆ ಮನೆಯ ಊಟದ ಮೇಜಿನ ಅರ್ಧವನ್ನು ಹದಿನಾಲ್ಕು ತಿಂಗಳಿಂದ ಒಂದು ಜಾಯ್‌ಸ್ಟಿಕ್ ಮತ್ತು ಕೆಲವು ಖಾಲಿ ಬಾಟಲಿಗಳು ಆಕ್ರಮಿಸಿಕೊಂಡಿವೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟಕ್ಕಾಗಿ ಹವ್ಯಾಸಿಗಳ ಸಣ್ಣ ತಂಡವೊಂದು ಮಾರುವ ಈ ಹೆಚ್ಚುವರಿ ಪ್ಯಾಕ್‌ನಲ್ಲಿ ಹನ್ನೆರಡು ಹಾರಾಟಗಳಿವೆ; ಪ್ರತಿಯೊಂದೂ ಬಿಯರ್ ತಯಾರಿಸುವ ಒಂದು ಬ್ರೂವರಿಯ ಮೇಲೆ ಹಾದು ಸಮೀಪದ ಏರ್‌ಫೀಲ್ಡ್‌ನಲ್ಲಿ ಮುಗಿಯುತ್ತದೆ, ಇಳಿದ ಮೇಲೆ ಆ ಊರಿನ ಬಿಯರ್ ಕುಡಿಯಬೇಕು. ಬಿಯರನ್ನು ಮಾತ್ರ ನಾವೇ ತಂದಿಟ್ಟುಕೊಂಡಿರಬೇಕು.

ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಸಮುದ್ರತೀರದ ಡೆ ಪಾನೆಯಿಂದ ಆಗ್ನೇಯ ತುದಿಯ ಆರ್ಲಾನ್‌ವರೆಗೆ ನೇರವಾಗಿ ಹಾರಿದರೆ ಒಂದೂವರೆ ಗಂಟೆಯೂ ಬೇಡವಾದಷ್ಟು ಚಿಕ್ಕ ದೇಶವಿದು. ಹಾಗಾಗಿ ಒಂದೊಂದು ಹಾರಾಟವೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಕಚೇರಿಯಿಂದ ಬಂದು ಊಟ ಮಾಡಿದ ಮೇಲೆ ಕೂರಲು ಅನುಕೂಲ.

ನಾನು ಮತ್ತೆ ಮತ್ತೆ ಹಾರಿರುವುದು ಬ್ರಸೆಲ್ಸ್‌ನ ನೈಋತ್ಯಕ್ಕಿರುವ ಪಯೋಟನ್‌ಲ್ಯಾಂಡ್ ಮತ್ತು ಸೆನ್ನೆ ಕಣಿವೆಯ ಮೇಲಿನ ಹಾದಿಯನ್ನು. ಲ್ಯಾಂಬಿಕ್ ಬಿಯರ್‌ನ ಸೀಮೆ ಇದು. ಇಲ್ಲಿ ಕುದಿಸಿದ ಧಾನ್ಯದ ರಸಕ್ಕೆ ಯೀಸ್ಟ್ ಬೆರೆಸುವುದಿಲ್ಲ. ಅಗಲವಾದ, ಆಳವಿಲ್ಲದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಟ್ಟರೆ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳೇ ಅದರೊಳಗೆ ಸೇರಿಕೊಳ್ಳುತ್ತವೆ. ರುಬ್ಬಿಟ್ಟ ದೋಸೆ ಹಿಟ್ಟು ತಾನಾಗಿ ಹುಳಿ ಬರುವುದನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ವ್ಯತ್ಯಾಸವೆಂದರೆ ಹಿಟ್ಟಿಗೆ ಸೆಖೆ ಬೇಕು, ಇದಕ್ಕೆ ಚಳಿ ಬೇಕು. ಆದ್ದರಿಂದಲೇ ಈ ಬಿಯರನ್ನು ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ತಯಾರಿಸುತ್ತಾರೆ, ಮತ್ತು ಪ್ಯಾಕ್‌ನ ಕೈಪಿಡಿಯೂ ಸಿಮ್ಯುಲೇಟರ್‌ನಲ್ಲಿ ಜನವರಿಯ ಸಂಜೆಯನ್ನು ಹೊಂದಿಸಿಕೊಳ್ಳಲು ಹೇಳುತ್ತದೆ. ತಗ್ಗಿನಲ್ಲಿ ಮಂಜು ಹರಡಿರುವಾಗ ಆಂಡರ್‌ಲೆಕ್ಟ್‌ನ ಕಡೆಗೆ ತಿರುಗಿ, 1900ರಲ್ಲಿ ಆರಂಭವಾದ ಕಾಂತಿಯೋಂ ಬ್ರೂವರಿ ಇರುವ ಬೀದಿಗಳ ಮೇಲೆ ಹಾದು ಇಳಿದು, ಗ್ಯೂಜ್ ಬಾಟಲಿಯ ಬಿರಡೆ ತೆಗೆದಾಗ ಮೂಗಿಗೆ ಬಡಿಯುವ ಹುಳಿಯ ಘಾಟಿಗೆ ಒಂದು ಅರ್ಥ ಬಂದಂತಾಗುತ್ತದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿದ್ದೇ ಗ್ಯೂಜ್ ಎಂಬುದನ್ನು ನಾನು ತಿಳಿದದ್ದೂ ಆ ಕೈಪಿಡಿಯಿಂದಲೇ.

ಆದರೆ ಅದೇ ಕೈಪಿಡಿ ಬೇರೆಡೆ ಎಡವುತ್ತದೆ. ಕ್ರೈಸ್ತ ಸನ್ಯಾಸಿಗಳ ಮಠಗಳ ಬಿಯರ್‌ಗೆ ಸಿಗುವ ಟ್ರಾಪಿಸ್ಟ್ ಮುದ್ರೆಯನ್ನು 2021ರ ಜನವರಿಯಲ್ಲೇ ಕಳೆದುಕೊಂಡ ಆಖೆಲ್ ಅನ್ನು ಅದು ಈಗಲೂ ವೆಸ್ಟ್‌ಮಾಲೆ, ಶಿಮೇ, ಓರ್ವಾಲ್‌ಗಳ ಸಾಲಿನಲ್ಲೇ ಇಟ್ಟಿದೆ. ಪೋಪರಿಂಗೆಯ ಹಾಪ್ (ಬಿಯರ್‌ಗೆ ಕಹಿ ಕೊಡುವ ಬಳ್ಳಿ) ತೋಟಗಳ ಮೇಲೆ ಹಾದು ಮುಗಿಯುವ ಹಾರಾಟದ ಕೊನೆಗೆ 'ಈಗ ವೆಸ್ಟ್‌ವ್ಲೇಟರೆನ್ 12 ತೆರೆಯಿರಿ' ಎಂದು ಸಲೀಸಾಗಿ ಬರೆದಿದ್ದಾರೆ. ವೆಸ್ಟ್‌ವ್ಲೇಟರೆನ್ ಮಠದ ಸನ್ಯಾಸಿಗಳು ತಮ್ಮ ಬಿಯರನ್ನು ಅಂಗಡಿಗಳಿಗೆ ಕೊಡುವುದಿಲ್ಲ, ಮುಂಗಡವಾಗಿ ಕಾಯ್ದಿರಿಸಿ ಅವರಿಂದಲೇ ಪಡೆಯಬೇಕು ಎಂಬ ಮಾತನ್ನು ಮೊದಲ ಪುಟದಲ್ಲೇ ಹೇಳಬೇಕಿತ್ತು. ಆ ಹಾರಾಟ ಮುಗಿಸಿ ನಾನು ವೆವೆಲ್‌ಗೆಮ್‌ನಲ್ಲಿ ಇಳಿದ ರಾತ್ರಿ ಫ್ರಿಜ್‌ನಲ್ಲಿದ್ದದ್ದು ಮಜ್ಜಿಗೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಶೇಕಡಾ 11.3ರಷ್ಟು ಮದ್ಯಾಂಶವಿರುವ ರೋಶ್‌ಫೋರ್ 10 ಅನ್ನು ನಿಯಮ ಮುರಿದು ಹಾರಾಟದ ನಡುವೆಯೇ ತೆರೆದೆ. ರೋಶ್‌ಫೋರ್ ಊರಿನಿಂದ ಆರ್ದೆನ್ ಕಾಡಿನ ನಡುವಿನ ಸೇಂತ್ ಉಬೇರ್‌ಗೆ ಕೆಲವೇ ನಿಮಿಷಗಳ ದಾರಿ. ಆದರೆ ಅಲ್ಲಿನ ಹುಲ್ಲಿನ ರನ್‌ವೇ ಕಾಡಂಚಿನ ಹಸಿರಿನಲ್ಲಿ ಬೆರೆತುಹೋಗಿತ್ತು. ವೇಗ ತಗ್ಗಿಸಲು ನೆರವಾಗುವ ರೆಕ್ಕೆಯ ಫ್ಲಾಪ್ ಇಳಿಸಲು ಮರೆತು, ವೇಗ ತಗ್ಗದೆ, ರನ್‌ವೇಯ ಕೊನೆಯ ಬೇಲಿ ದಾಟಿ ಮರಗಳಿಗೆ ನುಗ್ಗಿದೆ. ಹಲವು ದೇಶಗಳಲ್ಲಿ ನಿಜವಾದ ಪೈಲಟ್‌ಗಳಿಗೆ ಬಾಟಲಿಗೂ ಥ್ರಾಟಲ್‌ಗೂ, ಎಂದರೆ ಕುಡಿತಕ್ಕೂ ಹಾರಾಟಕ್ಕೂ, ನಡುವೆ ಕನಿಷ್ಠ ಎಂಟು ಗಂಟೆ ಇರಬೇಕೆಂಬ ನಿಯಮ ಏಕಿದೆ ಎಂಬುದು ಆಗ ಮನವರಿಕೆಯಾಯಿತು. ಈಗ ಎಂಜಿನ್ ಆರಿಸುವವರೆಗೆ ಓಪನರ್ ಅಡುಗೆಮನೆಯಲ್ಲೇ ಇರುತ್ತದೆ.

ಸಿಮ್ಯುಲೇಟರ್ ಪರಿಷ್ಕರಣೆಗೊಂಡಾಗಲೆಲ್ಲ ಪ್ಯಾಕ್ ನನ್ನ ಪ್ರಗತಿಯನ್ನು ಅಳಿಸಿಹಾಕಿ ಮೊದಲ ಹಾರಾಟಕ್ಕೆ ಮರಳುತ್ತದೆ. ತಯಾರಿಸಿದ ತಂಡಕ್ಕೆ ಎರಡು ಬಾರಿ ಬರೆದದ್ದಕ್ಕೆ ಐದು ವಾರಗಳ ನಂತರ ಒಂದು ಸಾಲಿನ ಉತ್ತರ ಬಂದಿತು. ಬಿಯರ್ ಸುಲಭವಾಗಿ ಸಿಗುವ ಬೆಲ್ಜಿಯಂನಲ್ಲೇ ಇರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಬೆಂಗಳೂರಿನ ಗೆಳೆಯನೊಬ್ಬ ಕೇಳಿದಾಗ, ಅಲ್ಲೂ ಸಿಗುವ ಹೂಗಾರ್ಡನ್ ಬಿಯರ್‌ನ ಹಾರಾಟವೊಂದನ್ನು ಬಿಟ್ಟರೆ ಉಳಿದ ಹೆಚ್ಚಿನವುಗಳಲ್ಲಿ ಇಳಿದ ಮೇಲೆ ನೀರೇ ಕುಡಿಯಬೇಕಾದೀತೆಂದು ತಿಳಿಸಿದೆ.