ನಗರಸಭೆಯ ರಸ್ತೆ ದೂರು ಆ್ಯಪ್: ಐದಕ್ಕೆ ಎರಡು ಸ್ಟಾರ್
ದೂರು ಕೊಡುವುದು ಸಲೀಸು, ಅದಕ್ಕೇ ಆ ಎರಡು ಸ್ಟಾರ್. ಫೋಟೋ ಹಾಕಿದರೆ ಸಾಕು, ಜಾಗ ತಾನೇ ಹಿಡಿದುಕೊಳ್ಳುತ್ತದೆ. ಆಮೇಲಿದೆ ತಮಾಷೆ. ನಾಲ್ಕನೇ ದಿನ ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು, ಹೋಗಿ ನೋಡಿದರೆ ಪೈಪಿಗಾಗಿ ಅಗೆದಿದ್ದ ಗುಂಡಿ ಅಲ್ಲೇ ಇತ್ತು! ಮತ್ತೆ ದೂರು ಕೊಟ್ಟೆ. ಈ ಸಲ ಬಂದು ಮುಚ್ಚಿದರು ನಿಜ, ಆದರೆ ಪೈಪಿಗಾಗಿ ಅಗೆದ ಕಡೆ ಮಣ್ಣನ್ನು 15–20 ಸೆಂಟಿಮೀಟರ್ ಪದರವಾಗಿ ಹಾಕಿ ಒಂದೊಂದನ್ನೂ ಗಟ್ಟಿಯಾಗಿ ಅದುಮಬೇಕು, ಇವರು ಎಲ್ಲ ಒಟ್ಟಿಗೆ ಸುರಿದು ಮೇಲೆ ಡಾಂಬರು ಸವರಿ ಹೋದರು, ಮೊದಲ ಮಳೆಗೇ ಕುಸಿಯಿತು. ಫುಟ್‌ಪಾತ್ ಕತೆ ಕೇಳಲೇಬೇಡಿ. ಗಾಲಿಕುರ್ಚಿ ಹೋಗಲು ಕಡೇಪಕ್ಷ 90 ಸೆಂಟಿಮೀಟರ್ ಬೇಕು, ಅಲ್ವಾ? ನಟ್ಟನಡುವೆ ಕಂಬ ನಿಲ್ಲಿಸಿದ್ದಾರೆ. ಅದನ್ನು ಹೇಳಲು ಆ್ಯಪ್‌ನಲ್ಲಿ ಆಯ್ಕೆಯೇ ಇಲ್ಲ, ಸುಮ್ನೆ ‘ಇತರೆ’ ಒತ್ತಬೇಕು. ಯಾವ ರಸ್ತೆಯ ರಿಪೇರಿ ಮೊದಲು, ಯಾಕೆ ಅನ್ನುವುದೂ ಎಲ್ಲೂ ಕಾಣುವುದಿಲ್ಲ.