ಹಿಮೋಗ್ಲೋಬಿನ್ ಅಳೆಯಲು ಡ್ರಾಬ್ಕಿನ್ ದ್ರಾವಣವೋ, ಎಸ್‌ಎಲ್‌ಎಸ್ ದ್ರಾವಣವೋ?

ರಕ್ತಕಣ ಎಣಿಸುವ ಯಂತ್ರವಾದ ಸೆಲ್ ಕೌಂಟರ್ ಕೆಟ್ಟು ನಿಂತಾಗ ಅಥವಾ ಅದು ಕೊಟ್ಟ ಹಿಮೋಗ್ಲೋಬಿನ್ ಅಂಕಿಯ ಮೇಲೆ ಅನುಮಾನ ಬಂದಾಗ, ಕೈಯಿಂದಲೇ ಅಳೆಯುವ ವಿಧಾನವೊಂದು ಸಣ್ಣ ಲ್ಯಾಬಿನಲ್ಲಿಯೂ ಸಿದ್ಧವಿರಬೇಕು. ಅದಕ್ಕಾಗಿ ಬಹುಕಾಲದಿಂದ ಬಳಸುತ್ತಿದ್ದ, ಸಯನೈಡ್ ಇರುವ ಡ್ರಾಬ್ಕಿನ್ ದ್ರಾವಣವನ್ನೂ, ಸಯನೈಡ್ ಇಲ್ಲದ ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ಎಸ್‌ಎಲ್‌ಎಸ್ ದ್ರಾವಣವನ್ನೂ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆಸಿದ ಒಂದೇ ರಕ್ತದ ಮಾದರಿಗಳ ಮೇಲೆ, ಬಣ್ಣದ ಗಾಢತೆ ಅಳೆಯುವ ಒಂದೇ ಕಲರಿಮೀಟರಿನಲ್ಲಿ ನಡೆಸಿ ನೋಡಿದೆ.

ಡ್ರಾಬ್ಕಿನ್‌ನ ದೊಡ್ಡ ಬಲವೆಂದರೆ ಅದರ ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗಾಗಿ ಇರುವ, ಪ್ರಮಾಣ ಗೊತ್ತಿರುವ ದ್ರಾವಣ. 5 ಮಿ.ಲೀ. ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಬೆರೆಸಿದಾಗ ರಕ್ತವು 251 ಪಟ್ಟು ತೆಳುವಾಗುವುದರಿಂದ, ಡೆಸಿಲೀಟರಿಗೆ 60 ಮಿ.ಗ್ರಾಂ ಇರುವ ಸಯನ್‌ಮೆಟ್‌ಹಿಮೋಗ್ಲೋಬಿನ್ (ಡ್ರಾಬ್ಕಿನ್‌ನಲ್ಲಿ ಹಿಮೋಗ್ಲೋಬಿನ್ ತಾಳುವ ರೂಪ) ಸ್ಟ್ಯಾಂಡರ್ಡ್ ರಕ್ತದ ಡೆಸಿಲೀಟರಿಗೆ ಸುಮಾರು 15 ಗ್ರಾಂ ಹಿಮೋಗ್ಲೋಬಿನ್ನಿಗೆ ಸಮವಾಗುತ್ತದೆ. 540 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಿದ ಅಂಕಿಯನ್ನು ನೇರವಾಗಿ ಅದಕ್ಕೆ ಹೋಲಿಸಬಹುದು. ಎಸ್‌ಎಲ್‌ಎಸ್‌ಗೆ ಇಂತಹ ಸ್ವಂತ ಆಧಾರವಿಲ್ಲ. ಡ್ರಾಬ್ಕಿನ್ ವಿಧಾನದಲ್ಲಿ ಮೌಲ್ಯ ಗೊತ್ತುಮಾಡಿಕೊಂಡ ರಕ್ತದಿಂದಲೇ ಅದನ್ನು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಸರಿಯಾದ ಅಳತೆಗೆ ಹೊಂದಿಸಿಕೊಳ್ಳಬೇಕು. ಹಾಗೆ ಮಾಡಿದ ಮೇಲೆ ಸಾಮಾನ್ಯ ಮಾದರಿಗಳಲ್ಲಿ ಚಿಕಿತ್ಸೆಯ ತೀರ್ಮಾನ ಬದಲಾಗುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ. ಬಿಳಿರಕ್ತಕಣಗಳು ವಿಪರೀತ ಹೆಚ್ಚಿದ್ದ ಮಾದರಿಗಳಲ್ಲಿ ಮಾತ್ರ ಡ್ರಾಬ್ಕಿನ್ ಕದಡಿ ಅಂಕಿಯನ್ನು ಮೇಲಕ್ಕೆ ತಳ್ಳಿತು. ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ತಿರುಗಿಸಿ ಮೇಲಿನ ತಿಳಿಯನ್ನು ಓದಬೇಕಾಯಿತು. ಎಸ್‌ಎಲ್‌ಎಸ್ ಅಲ್ಲಿಯೂ ತಿಳಿಯಾಗಿಯೇ ಉಳಿಯಿತು.

ರೀಏಜೆಂಟಿನ ಗುಣಮಟ್ಟದಲ್ಲಿ ಎರಡಕ್ಕೂ ತಮ್ಮದೇ ಹಟಗಳಿವೆ. ಡ್ರಾಬ್ಕಿನ್ ತಿಳಿಹಳದಿಯಾಗಿರಬೇಕು, ಕಂದು ಬಾಟಲಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಬಣ್ಣ ಮಾಸಿದರೆ ಚೆಲ್ಲದೆ ಬೇರೆ ದಾರಿಯಿಲ್ಲ. ಎಸ್‌ಎಲ್‌ಎಸ್‌ನ ಗಾಢ ಸ್ಟಾಕ್ ದ್ರಾವಣ ಫ್ರಿಜ್ಜಿನಲ್ಲಿ ಹರಳುಗಟ್ಟುತ್ತದೆಯಾದರೂ ಬೆಚ್ಚಗೆ ಮಾಡಿದರೆ ಮತ್ತೆ ಕರಗುತ್ತದೆ. ಅದರ ನಿಜವಾದ ಶತ್ರು ಪೊಟ್ಯಾಸಿಯಂ. ಆಮ್ಲೀಯತೆಯನ್ನು ಸ್ಥಿರವಾಗಿಡುವ ಬಫರಿಗೆ ಸೋಡಿಯಂ ಫಾಸ್ಫೇಟಿನ ಬದಲು ಪೊಟ್ಯಾಸಿಯಂ ಫಾಸ್ಫೇಟ್ ಹಾಕಿದರೆ ನೀರಿನಲ್ಲಿ ಅಷ್ಟಾಗಿ ಕರಗದ, ಲಾರಿಲ್ ಸಲ್ಫೇಟಿನ ಪೊಟ್ಯಾಸಿಯಂ ಲವಣ ಬಿಳಿಯಾಗಿ ಇಳಿಯುತ್ತದೆ. ಡ್ರಾಬ್ಕಿನ್‌ನಲ್ಲಿ ಪೊಟ್ಯಾಸಿಯಂ ಲವಣಗಳಿರುವುದರಿಂದ, ಎರಡಕ್ಕೂ ಬೇರೆ ಬೇರೆ ಬಾಟಲಿಗಳನ್ನೇ ಇಡುವುದು ಒಳ್ಳೆಯದು.

ಸುರಕ್ಷತೆಯ ಮಾತಿಗೆ ಬಂದರೆ, ಸಿದ್ಧ ಡ್ರಾಬ್ಕಿನ್‌ನಲ್ಲಿ ಲೀಟರಿಗೆ 50 ಮಿ.ಗ್ರಾಂ ಪೊಟ್ಯಾಸಿಯಂ ಸಯನೈಡ್ ಮಾತ್ರ ಇರುವುದರಿಂದ, ಜನ ಹೆದರುವಷ್ಟು ಭಯ ಆ ಬಾಟಲಿಯಲ್ಲಿಲ್ಲ. ಭಯವಿರುವುದು ಸಯನೈಡ್ ಪುಡಿಯನ್ನು ತೂಗುವಲ್ಲಿ, ಮತ್ತು ಆಮ್ಲದ ನೆರೆಯಲ್ಲಿ. ಹಿಮೋಗ್ಲೋಬಿನ್ ಅಳೆಯುವ ಹಳೆಯ ಸಾಹ್ಲಿ ವಿಧಾನದ ಹೈಡ್ರೋಕ್ಲೋರಿಕ್ ಆಮ್ಲವನ್ನು ಇನ್ನೂ ಇಟ್ಟುಕೊಂಡಿರುವ ಲ್ಯಾಬುಗಳಲ್ಲಿ ಆ ಆಮ್ಲವೂ ಡ್ರಾಬ್ಕಿನ್ ದ್ರಾವಣವೂ ಒಂದೇ ಸಿಂಕಿಗೆ ಬಿದ್ದರೆ ಹೈಡ್ರೋಜನ್ ಸಯನೈಡ್ ಅನಿಲ ಹೊರಡುತ್ತದೆ. ಎಸ್‌ಎಲ್‌ಎಸ್ ಪೂರ್ತಿ ಸಾಧುವೇನಲ್ಲ. ತೂಗುವಾಗ ಪುಡಿ ಎದ್ದರೆ ಮೂಗು, ಗಂಟಲು, ಕಣ್ಣು ಉರಿಯುತ್ತವೆ, ಹಾಗಾಗಿ ಮಾಸ್ಕ್ ಬೇಕೇ ಬೇಕು.

ದಿನನಿತ್ಯದ ಕೆಲಸಕ್ಕೆ ನಾನು ಎಸ್‌ಎಲ್‌ಎಸ್ ಆರಿಸಿಕೊಂಡಿದ್ದೇನೆ. ಡ್ರಾಬ್ಕಿನ್ ಕ್ಯಾಲಿಬ್ರೇಶನ್ನಿಗಷ್ಟೇ ಉಳಿದಿದೆ. ಅದನ್ನು ಸಿದ್ಧ ದ್ರಾವಣವಾಗಿಯೇ ಸಣ್ಣ ಬಾಟಲಿಯಲ್ಲಿ ಕೊಂಡು, ಆಮ್ಲಗಳಿಲ್ಲದ ಬೇರೆ ಕಪಾಟಿನಲ್ಲಿ ಇಡುತ್ತೇನೆ.