ಹಳೆಯ ಅಮೆರಿಕನ್ ಡ್ರೆಸ್ ಪ್ಯಾಟರ್ನ್‌ಗಳು: ವರ್ಷಗಟ್ಟಲೆ ಹೊಲಿದವಳ ವಿಮರ್ಶೆ

ಹಳೆಯ ಹೊಲಿಗೆ ಪ್ಯಾಟರ್ನ್, ಅಂದರೆ ಡ್ರೆಸ್ ಕತ್ತರಿಸಲು ಲಕೋಟೆಯಲ್ಲಿ ಹಾಕಿ ಮಾರುವ ಕಾಗದದ ಮಾದರಿ ತುಂಡುಗಳನ್ನು ಕೊಳ್ಳುವವರ ಕಣ್ಣು ಮೊದಲು ಹೋಗುವುದು ಲಕೋಟೆಯ ಮೇಲಿನ ಚಿತ್ರದ ಕಡೆಗೆ. ಸಣ್ಣ ನಡು, ಅಗಲ ಘೇರಿನ ಲಂಗ, ಗವಸು ತೊಟ್ಟು ನಿಂತ ಹೆಣ್ಣು. ನಾನು ಹೇಳುವುದು ಇಷ್ಟು: ಲಕೋಟೆಯನ್ನು ತಿರುಗಿಸಿ ನೋಡಿ. ಬೆನ್ನಿನ ಕಡೆ ಒಳಗಿರುವ ಒಂದೊಂದು ತುಂಡಿನ ಪುಟ್ಟ ರೇಖಾಚಿತ್ರ ಇರುತ್ತದೆ, ಎಷ್ಟು ಪನ್ನದ (ಅಗಲದ) ಬಟ್ಟೆಯಾದರೆ ಎಷ್ಟು ಗಜ ಬೇಕು ಎಂಬ ಪಟ್ಟಿ ಇರುತ್ತದೆ. ಚಿತ್ರ ಬಿಡಿಸಿದವರಿಗೆ ಹುಡುಗಿಯ ನಡುವನ್ನು ಇನ್ನೆರಡು ಇಂಚು ಸಣ್ಣದಾಗಿಸುವುದು ಕಷ್ಟವಲ್ಲ. ಡ್ರೆಸ್ ನಿಮ್ಮ ಮೈಮೇಲೆ ಹೇಗೆ ಕೂರುತ್ತದೆ ಎಂಬ ಸತ್ಯ ಆ ರೇಖಾಚಿತ್ರಗಳಲ್ಲಿ ಮಾತ್ರ ಇದೆ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ ಹಿರಿಯರು ತೀರಿಕೊಂಡ ಮನೆಗಳ ಸಾಮಾನನ್ನು ಮನೆಯಲ್ಲೇ ಇಟ್ಟು ಮಾರುವ ಎಸ್ಟೇಟ್ ಸೇಲ್‌ಗಳು ನಡೆಯುತ್ತವೆ. ಹೊಲಿಗೆ ಬಲ್ಲ ಅಜ್ಜಿಯರ ಮನೆಯಾದರೆ ಗುಂಡಿ, ಲೇಸುಗಳ ಜೊತೆ ಪ್ಯಾಟರ್ನ್‌ಗಳ ಡಬ್ಬಿಯೂ ಸಿಗುತ್ತದೆ. ಅಲ್ಲಿ, ಮತ್ತೆ ಆನ್‌ಲೈನಿನಲ್ಲಿ, 1930ರಿಂದ 1960ರ ದಶಕದವರೆಗಿನವನ್ನು ಕೊಳ್ಳುತ್ತಾ ಬಂದಿದ್ದೇನೆ. ಕೊಂಡದ್ದು ಬರೀ ಇಟ್ಟುಕೊಳ್ಳಲಿಕ್ಕಲ್ಲ, ಹೊಲಿದು ತೊಡಲಿಕ್ಕೆ. ಈ ವಿಮರ್ಶೆಯೂ ತೊಡುವವಳ ಕಡೆಯಿಂದಲೇ.

ಊರಲ್ಲಿ ಟೈಲರ್ ಹತ್ತಿರ ಅಳತೆ ಬ್ಲೌಸ್ ಕೊಟ್ಟರೆ ಸಾಕು, ಬಟ್ಟೆಯ ಮೇಲೇ ಚಾಕಿನಲ್ಲಿ ಗೀಚಿ ಕತ್ತರಿ ಹಾಕುತ್ತಾರೆ. ಪ್ಯಾಟರ್ನ್ ಎಂದರೆ ಆ ಗೀಚುವ ಕೆಲಸವನ್ನು, ಎಂದೂ ಕಾಣದ ಮೈಗೆ ಅಂದಾಜು ಮಾಡಿ, ತೆಳು ಟಿಶ್ಯೂ ಕಾಗದದಲ್ಲಿ ಮಾಡಿಟ್ಟದ್ದು. ಮಸಾಚುಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನ ಟೈಲರ್ ಎಬೆನೆಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಸೈಜುಗಳಲ್ಲಿ ಇವನ್ನು ಮಾರಲು ಶುರು ಮಾಡಿದರು. 1870ರಲ್ಲಿ ನ್ಯೂಯಾರ್ಕಿನಲ್ಲಿ ಜೇಮ್ಸ್ ಮೆಕಾಲ್ ತಮ್ಮ ಮೆಕಾಲ್ಸ್ ಪ್ಯಾಟರ್ನ್‌ಗಳೊಂದಿಗೆ ಬಂದರು, 1899ರಲ್ಲಿ ವೋಗ್ ಎಂಬ ಫ್ಯಾಷನ್ ಪತ್ರಿಕೆಯೂ ಪ್ಯಾಟರ್ನ್ ಕೊಡತೊಡಗಿತು. 1927ರಲ್ಲಿ ಹುಟ್ಟಿದ ಸಿಂಪ್ಲಿಸಿಟಿ ಕಂಪನಿ ಕೇವಲ 15 ಸೆಂಟಿಗೆ ಮಾರಿತು. ಆ ಅಗ್ಗದ ಬೆಲೆಯ ಗುರುತು ಇವತ್ತಿಗೂ ಹಾಳೆಗಳಲ್ಲಿ ಕಾಣುತ್ತದೆ: ಸಿಂಪ್ಲಿಸಿಟಿಯಲ್ಲಿ ತುಂಡುಗಳು ಕಡಿಮೆ, ಮಾತು ನೇರ. ವೋಗ್‌ನಲ್ಲಿ ತುಂಡುಗಳು ಹೆಚ್ಚು, ಲೈನಿಂಗ್ ಬೇರೆ, ಕೈಹೊಲಿಗೆ ಜಾಸ್ತಿ. ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಹೇಳುವುದು 1940ರ ದಶಕದ ಕೊನೆಯ ಸಿಂಪ್ಲಿಸಿಟಿ. 1946ರಿಂದ ಅವರು ತುಂಡುಗಳ ಮೇಲೆ ಅಕ್ಷರ, ಗೆರೆ ಅಚ್ಚು ಹಾಕಿದರು. ಅದಕ್ಕೂ ಹಿಂದಿನವು ಬರೀ ತೂತುಗಳ ಹಾಳೆ. ಟಕ್ಸ್ ಎಲ್ಲಿ, ಬಟ್ಟೆಯ ಮಡಿಕೆ ಎಲ್ಲಿ, ಎಳೆ ಯಾವ ಕಡೆ ಎನ್ನುವುದೆಲ್ಲ ತೂತಿನಲ್ಲೇ. ಯಾವ ತೂತಿಗೆ ಏನರ್ಥ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಹಾಗಾಗಿ ಸೂಚನೆಯ ಹಾಳೆ ಕಳೆದುಹೋದ ತೂತಿನ ಪ್ಯಾಟರ್ನ್ ಎಷ್ಟು ಚೆಂದವಿದ್ದರೂ ಬಿಡಿ. ಮೆಕಾಲ್ಸ್ ಮಾತ್ರ 1920ರ ದಶಕದಲ್ಲೇ ಅಚ್ಚಿನವನ್ನು ಕೊಡುತ್ತಿತ್ತು. ಅದಕ್ಕೇ ಆ ಕಾಲದ ಮೆಕಾಲ್ಸ್ ಹೊಲಿಯಲು ಸುಲಭ, ಕೊಳ್ಳಲು ದುಬಾರಿ.

ಸೈಜ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೊಸಬರ ದುಡ್ಡು ಹೆಚ್ಚಾಗಿ ಹಾಳಾಗುವುದು ಇಲ್ಲೇ. ಲಕೋಟೆಯ ಮೇಲೆ 14 ಎಂದಿದ್ದರೆ 1950ರ ದಶಕದ ಮಧ್ಯದವರೆಗೆ ಎದೆ ಸುತ್ತಳತೆ 32 ಇಂಚು ಎಂದರ್ಥ. 1956ರ ಸುಮಾರಿಗೆ ಪದ್ಧತಿ ಬದಲಾಗಿ ಅದೇ 14ಕ್ಕೆ 34 ಇಂಚಾಯಿತು. 1967-68ರಲ್ಲಿ 'ನ್ಯೂ ಸೈಜಿಂಗ್' ಎಂದು ಅಚ್ಚಾಗಿ ಬಂದ ಮೇಲೆ 36. ಆದ್ದರಿಂದ ಸೈಜ್ ನಂಬರನ್ನು ಮರೆತು ಎದೆಯ ಇಂಚು ನೋಡಿ ಕೊಳ್ಳಿ. ಮೇಲಾಗಿ ಆಗಿನ ಒಂದು ಲಕೋಟೆಯಲ್ಲಿ ಒಂದೇ ಸೈಜ್. ಈಗಿನ ಹಾಗೆ ನಾಲ್ಕೈದು ಸೈಜಿನ ಗೆರೆಗಳು ಒಂದೇ ಹಾಳೆಯಲ್ಲಿ ಇರುವುದಿಲ್ಲ. ಎರಡು ಇಂಚಿನ ವ್ಯತ್ಯಾಸವಾದರೆ ತುಂಡನ್ನು ಉದ್ದಕ್ಕೆ ಸೀಳಿ ಅಗಲಿಸಿ ಸರಿಮಾಡಬಹುದು. ಆರು ಇಂಚಾದರೆ ಕುತ್ತಿಗೆ, ಭುಜ, ತೋಳು ಎಲ್ಲವೂ ಜಾಗ ತಪ್ಪುತ್ತವೆ. ಅಂಥದ್ದನ್ನು ನಾನು ಕೊಳ್ಳುವುದೇ ಇಲ್ಲ.

ಐದಡಿ ಎರಡಿಂಚಿನೊಳಗಿನ, ಸ್ವಲ್ಪ ಮೈತುಂಬಿಕೊಂಡ ನಮ್ಮಂಥ ಹೆಂಗಸರಿಗೆ ಒಂದು ಗುಟ್ಟು ಹೇಳುತ್ತೇನೆ. 14½, 16½, 18½ ಎಂದು ಅರ್ಧ ಸೈಜಿನ ಪ್ಯಾಟರ್ನ್‌ಗಳು ಬರುತ್ತಿದ್ದವು. ಕುಳ್ಳಗಿದ್ದು ನಡು ತುಂಬಿದವರಿಗಾಗಿಯೇ ಮಾಡಿದವು ಅವು. ಕುತ್ತಿಗೆಯಿಂದ ಸೊಂಟದವರೆಗಿನ ಬೆನ್ನಿನ ಅಳತೆ ಚಿಕ್ಕದಿರುತ್ತದೆ, ನಡು ಧಾರಾಳವಾಗಿರುತ್ತದೆ. ಲಕೋಟೆಯ ಮೇಲೆ ಕೂದಲು ನರೆತ ಹೆಂಗಸಿನ ಚಿತ್ರ ಇರುವುದರಿಂದಲೋ ಏನೋ ಸಂಗ್ರಹಕಾರರು ಅವುಗಳ ತಂಟೆಗೆ ಅಷ್ಟಾಗಿ ಬರುವುದಿಲ್ಲ. ನಾನು ಕೊಂಡಾಗಲೆಲ್ಲ ಅಗ್ಗಕ್ಕೇ ಸಿಕ್ಕಿವೆ. ನನ್ನ ಬೀರುವಿನಲ್ಲಿ ಅತಿ ಹೆಚ್ಚು ತೊಟ್ಟು ಸವೆಸಿದ ಡ್ರೆಸ್‌ಗಳು ಅವುಗಳಿಂದ ಬಂದವೇ.

ಇನ್ನು ಕಂಕುಳಿನ ಮಾತು. ಶಿವಮೊಗ್ಗದಿಂದ ನಮ್ಮತ್ತೆ ಬಂದಿದ್ದಾಗ ಟೇಬಲ್ ಮೇಲೆ ಹರಡಿದ್ದ 1950ರ ದಶಕದ ಡ್ರೆಸ್ಸೊಂದರ ಬಾಡಿ (ಮೇಲ್ಭಾಗದ) ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಅವರು ಮನೆಯಲ್ಲೇ ಬ್ಲೌಸ್ ಹೊಲಿದು ಮಕ್ಕಳನ್ನು ಓದಿಸಿದವರು. "ಇದೇನೇ ಇದು, ನಮ್ ಬ್ಲೌಸಿನ ಕಂಕುಳೇ ಅಲ್ವಾ?" ಅಂದರು. ನಿಜ. ಹಳೆಯ ಪ್ಯಾಟರ್ನ್‌ಗಳಲ್ಲಿ ಆರ್ಮ್‌ಹೋಲ್ ಚಿಕ್ಕದು, ಮೇಲಕ್ಕೆ ಕಂಕುಳಿಗೆ ಹತ್ತಿರ ಕೂತಿರುತ್ತದೆ. ಈಗಿನ ಅಂಗಡಿಯ ಡ್ರೆಸ್‌ನಲ್ಲಿ ಎಲ್ಲರಿಗೂ ಆಗಲಿ ಎಂದು ಅದನ್ನು ಕೆಳಗಿಳಿಸಿರುತ್ತಾರೆ. ಕೈ ಎತ್ತಿದರೆ ಇಡೀ ಡ್ರೆಸ್ ಮೇಲೇರುತ್ತದೆ. ಚಿಕ್ಕ ಆರ್ಮ್‌ಹೋಲ್ ಆದರೆ ಕೈ ಮಾತ್ರ ಏಳುತ್ತದೆ, ನಡು ಇದ್ದಲ್ಲೇ ಇರುತ್ತದೆ. ಇಲ್ಲಿನ ಗೆಳತಿಯರಿಗೆ ಮೊದಲ ಸಲ ತೊಟ್ಟಾಗ ಬಿಗಿ ಅನ್ನಿಸುತ್ತದೆಯಂತೆ. ಸೀರೆ ಬ್ಲೌಸ್ ತೊಟ್ಟು ಬೆಳೆದ ನನಗೆ ಅದು ಮೊದಲ ದಿನವೇ ಸ್ವಂತದ್ದು ಅನ್ನಿಸಿತು. ಈ ಪ್ಯಾಟರ್ನ್‌ಗಳು ನನ್ನನ್ನು ಹಿಡಿದಿಟ್ಟದ್ದು ಈ ಕಾರಣಕ್ಕೆ. ಎದೆ, ಭುಜ, ಕಂಕುಳು ಎಲ್ಲಿ ಹೇಗೆ ತಿರುಗುತ್ತವೆ ಎಂದು ಯೋಚಿಸಿ ಕಾಗದ ಕತ್ತರಿಸಿದವರ ಕೆಲಸ ಇದು.

ಆ ಯೋಚನೆ ಎಷ್ಟು ಆಳ ಎಂದು ತಿಳಿಯಬೇಕಾದರೆ 1950ರ ದಶಕದ ಕಿಮೋನೋ ತೋಳಿನ ಡ್ರೆಸ್ ಒಂದನ್ನು ಹೊಲಿಯಿರಿ. ಅದರಲ್ಲಿ ತೋಳು ಬೇರೆ ತುಂಡಲ್ಲ, ಬಾಡಿಯ ಜೊತೆಯೇ ಒಂದಾಗಿ ಕತ್ತರಿಸಿದ್ದು. ಭುಜದ ಬಳಿ ತೋಳು ಕೂಡಿಸಿದ ಹೊಲಿಗೆಯೇ ಕಾಣದೆ ಬಟ್ಟೆ ಇಳಿದು ಬರುತ್ತದೆ. ಆದರೆ ಹಾಗೇ ಬಿಟ್ಟರೆ ಕೈ ಎತ್ತಲಾಗುವುದಿಲ್ಲ. ಅದಕ್ಕೆ ಕಂಕುಳಲ್ಲಿ ಸೀಳು ಕೊಟ್ಟು ಡೈಮಂಡ್ ಆಕಾರದ ಚಿಕ್ಕ ತುಂಡನ್ನು ಕೂಡಿಸುತ್ತಾರೆ, ಗಸೆಟ್ ಎಂದು. ಜುಬ್ಬದ ಕಂಕುಳಲ್ಲಿ ಚೌಕ ತುಂಡಿಡುವುದು ನಮ್ಮ ಟೈಲರ್‌ಗಳಿಗೂ ಗೊತ್ತು. ಅಲ್ಲಿ ಅದು ಎರಡು ಹೊಲಿಗೆಗಳ ನಡುವೆ ಸಲೀಸಾಗಿ ಕೂರುತ್ತದೆ. ಇಲ್ಲಿ ಮಾತ್ರ ಸೀಳಿನ ತುದಿ ಬಟ್ಟೆಯ ನಡುವೆಯೇ ಮುಗಿಯುತ್ತದೆ. ಆ ತುದಿಯಲ್ಲಿ ಹೊಲಿಗೆಗೆ ಹಿಡಿಯಲು ಒಂದೆರಡು ಎಳೆ ಬಿಟ್ಟರೆ ಏನೂ ಉಳಿಯುವುದಿಲ್ಲ. ಒಳ್ಳೆಯ ಸೂಚನೆ ಹಾಳೆ ಏನು ಮಾಡಿಸುತ್ತದೆ ಗೊತ್ತೇ? ಸೀಳುವ ಮೊದಲೇ ತುದಿಯ ಮೇಲೆ, ಬಟ್ಟೆಯ ಸರಿಬದಿಗೆ, ಒಂದು ತೆಳು ಬಟ್ಟೆಯ ತುಣುಕಿಟ್ಟು ಸಣ್ಣ ಸಣ್ಣ ಹೊಲಿಗೆಯಲ್ಲಿ ಕಿರಿದಾದ 'ವಿ' ಹೊಲಿಸುತ್ತದೆ. ತುದಿಗೆ ಬಂದಾಗ ಅಡ್ಡ ಒಂದೇ ಹೊಲಿಗೆ. ಆಮೇಲೆ ಆ ತುದಿಯವರೆಗೂ ಕತ್ತರಿ, ತುಣುಕನ್ನು ಒಳಗೆ ತಿರುಗಿಸಿ ಇಸ್ತ್ರಿ. ಈಗ ಗಸೆಟ್ ಕೂಡಿಸಲು ಅಲ್ಲಿ ಹಿಡಿಯಲು ಜಾಗ ಇದೆ. ಮೂರೇ ಸಾಲಿನಲ್ಲಿ ಬರೆದ ಈ ಕ್ರಮವನ್ನು ಅಕ್ಷರ ಬಿಡದೆ ಪಾಲಿಸಿ ಹೊಲಿದ ಡ್ರೆಸ್ ವರ್ಷಗಟ್ಟಲೆ ಒಗೆದರೂ ಕಂಕುಳಲ್ಲಿ ಬಿಟ್ಟಿಲ್ಲ.

ಆದರೆ ಅದೇ ಹಾಳೆ "ಜಿಪ್ ಹಾಕಿ" ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಅಂದಿನ ಹೆಣ್ಣುಮಕ್ಕಳು ಶಾಲೆಯಲ್ಲೇ ಹೊಲಿಗೆ ಕಲಿತವರು ಎಂಬ ನಂಬಿಕೆಯಲ್ಲಿ ಬರೆದದ್ದು. ಹೊಲಿಗೆಯನ್ನೇ ಹೊಸದಾಗಿ ಕಲಿಯುತ್ತಿರುವವರು ಇದರಿಂದ ಶುರು ಮಾಡಬೇಡಿ. ಎರಡು ಪೆಟಿಕೋಟು, ಒಂದು ಬ್ಲೌಸ್ ಹೊಲಿದಿದ್ದರೆ ಧೈರ್ಯವಾಗಿ ಬನ್ನಿ. ಇನ್ನೊಂದು ಮಾತು: ಆಗಿನ ಒಳಉಡುಪು ಎದೆಯನ್ನು ಎತ್ತಿ ಚೂಪಾಗಿ ನಿಲ್ಲಿಸುತ್ತಿತ್ತು, ನಡುವನ್ನು ಬಿಗಿಯುತ್ತಿತ್ತು. ಎದೆಯ ಟಕ್ಸ್ ತುದಿಯನ್ನು ಸಾಮಾನ್ಯವಾಗಿ ಕೆಳಗಿಳಿಸಬೇಕಾಗುತ್ತದೆ. ಕೋರಾ ಬಟ್ಟೆಯಲ್ಲಿ ಬಾಡಿಯನ್ನಷ್ಟೇ ಒಮ್ಮೆ ಕಚ್ಚಾ ಹೊಲಿದು ನೋಡದೆ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಬೇಡಿ.

ಬಟ್ಟೆಯ ವಿಷಯದಲ್ಲಿ ನಮಗೊಂದು ಅನುಕೂಲ ಇದೆ. ಲಕೋಟೆಯ ಪಟ್ಟಿಯಲ್ಲಿರುವ 35 ಅಥವಾ 36 ಇಂಚಿನ ಪನ್ನ ಇಲ್ಲಿನ ಅಂಗಡಿಗಳಲ್ಲಿ ಈಗ ಕಾಣುವುದೇ ಅಪರೂಪ. ಊರಿನಿಂದ ತಂದ ಖಾದಿಯಲ್ಲಿ, ಪಾಪ್ಲಿನ್‌ನಲ್ಲಿ ಅದೇ ಪನ್ನ ಸಿಗುತ್ತದೆ, ತುಂಡುಗಳನ್ನು ಬಟ್ಟೆಯ ಮೇಲೆ ಹೇಗಿಡಬೇಕೆಂದು ತೋರಿಸುವ ಲೇಔಟ್ ಚಿತ್ರ ಇದ್ದ ಹಾಗೇ ಕೂರುತ್ತದೆ. ಬಟ್ಟೆ ಕಡಿಮೆಯಿದ್ದರೆ ಯುದ್ಧಕಾಲದ ಪ್ಯಾಟರ್ನ್ ಹುಡುಕಿ. 1942ರಲ್ಲಿ ಅಮೆರಿಕ ಸರ್ಕಾರ ಎಲ್-85 ಎಂಬ ಆದೇಶದಲ್ಲಿ ಹೆಂಗಸರ ಉಡುಪಿಗೆ ಬಳಸುವ ಬಟ್ಟೆಗೆ ಮಿತಿ ಹಾಕಿತ್ತು. ಆ ವರ್ಷಗಳ ಲಂಗಗಳಿಗೆ ಘೇರು ಕಡಿಮೆ, ವ್ಯರ್ಥವಾಗುವ ಬಟ್ಟೆಯೂ ಕಡಿಮೆ.

ಸೀರೆಯಲ್ಲಿ ಹೊಲಿಯುವ ಆಸೆ ಎಲ್ಲರಿಗೂ ಬರುತ್ತದೆ. ಸೀರೆಯ ಅಂಚು ಉದ್ದದ ಎಳೆಯ ಜೊತೆ ಹೋಗುತ್ತದೆ, ಪ್ಯಾಟರ್ನ್ ತುಂಡುಗಳೂ ಉದ್ದದ ಎಳೆಯ ಮೇಲೇ ಕೂರಬೇಕು. ಹೇಳಿದಂತೆ ಇಟ್ಟರೆ ಅಂಚು ಲಂಗದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಕೆಳಗೆ ಸುತ್ತಲೂ ಅಂಚು ಬೇಕೆಂದರೆ ತುಂಡನ್ನು ಅಡ್ಡಡ್ಡ ಇಡಬೇಕು. ಅದಕ್ಕೆ ಲಂಗದ ಕೆಳತುದಿ ನೇರ ಗೆರೆಯಾಗಿರಬೇಕು. ಛತ್ರಿಯಂತೆ ಅರಳುವ ಲಂಗದ ತುದಿ ಬಾಗಿರುತ್ತದೆ, ಅಂಚು ಹೊಂದುವುದಿಲ್ಲ. ನೇರ ಬಟ್ಟೆಗೆ ನೆರಿಗೆ ಹಿಡಿದ ಡರ್ನ್ಡ್ಲ್ ಲಂಗದ ಪ್ಯಾಟರ್ನ್ ಕೊಳ್ಳಿ, ಹತ್ತಿ ಸೀರೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ಎಲ್ಲರೂ ಕೇಳುವ 'ವಾಕ್‌ಅವೇ ಡ್ರೆಸ್' ಬಗ್ಗೆ ಬರೆಯದಿದ್ದರೆ ಆಗುವುದಿಲ್ಲ. ಅದು ಬಟರಿಕ್ ಕಂಪನಿಯ 1952ರ ಪ್ಯಾಟರ್ನ್, ನಂಬರ್ 6015. ಹಿಂದಿನ ಘೇರನ್ನು ಮುಂದಕ್ಕೆ ಸುತ್ತಿ ಗುಂಡಿ ಹಾಕುವ ಉಪಾಯ ಸೊಗಸಾಗಿದೆ. ಮೂಲಪ್ರತಿ ದುಬಾರಿ. ಬಟರಿಕ್ 4790 ಎಂದು ಮರುಮುದ್ರಣವಾದದ್ದು ಸುಲಭಕ್ಕೆ ಸಿಗುತ್ತದೆ. ಬೆಳಿಗ್ಗೆ ಹೊಲಿಯಲು ಕೂತು ಮಧ್ಯಾಹ್ನದ ಊಟಕ್ಕೆ ತೊಟ್ಟು ಹೊರಡಬಹುದು ಎಂಬ ಖ್ಯಾತಿ ಇದಕ್ಕಿದೆ. ಆದರೆ ಅಂಚಿಗೆಲ್ಲ ಕ್ರಾಸ್ ಪಟ್ಟಿ ಕೂಡಿಸುವುದಕ್ಕೇ ಒಂದು ಮಧ್ಯಾಹ್ನ ಬೇಕು. ಮುಂಭಾಗದ ಕುತ್ತಿಗೆ ಬಾಯಿಬಿಡುತ್ತದೆ, ಭುಜದ ಬಳಿ ಹಿಡಿಯಬೇಕು. ಒಮ್ಮೆ ಹೊಲಿದೆ, ತೊಟ್ಟೆ, ಇನ್ನೊಮ್ಮೆ ಹೊಲಿಯುವ ಮನಸ್ಸಾಗಲಿಲ್ಲ.

ಕಾಗದ ಎಪ್ಪತ್ತು ಎಂಬತ್ತು ವರ್ಷದ್ದು. ಆವಿಯಿಲ್ಲದೆ, ಅತಿ ಕಡಿಮೆ ಬಿಸಿಯ ಇಸ್ತ್ರಿಯಲ್ಲಿ ಸುಕ್ಕು ತೆಗೆಯಿರಿ. ಮೂಲದ ಮೇಲೆ ಎಂದೂ ಪಿನ್ ಚುಚ್ಚಬೇಡಿ, ಬೇರೆ ಹಾಳೆಗೆ ಇಳಿಸಿಕೊಳ್ಳಿ. ಡಾಕ್ಟರ ಕ್ಲಿನಿಕ್ಕಿನ ಮಂಚಕ್ಕೆ ಹಾಸುವ ಕಾಗದದ ರೋಲ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಹಳೆಯ ತುಕ್ಕು ಪಿನ್‌ಗಳು ಮಡಿಕೆಯೊಳಗೇ ಇರುತ್ತವೆ, ಬಿಡಿಸುವಾಗ ಬೆರಳು ಜೋಪಾನ.

ಕೊಳ್ಳುವಾಗ 'ಪೂರ್ಣ' ಎಂಬ ಮಾತನ್ನು ನಂಬಬೇಡಿ. ಒಬ್ಬ ಆನ್‌ಲೈನ್ ಮಾರಾಟಗಾರರಿಂದ ಹಾಗೆ ಬಂದ ಲಕೋಟೆಯಲ್ಲಿ ಕಾಲರ್ ತುಂಡೇ ಇರಲಿಲ್ಲ, ದುಡ್ಡು ವಾಪಸ್ ಬರಲು ಜಗಳವಾಡಬೇಕಾಯಿತು. ಬೆನ್ನಿನ ರೇಖಾಚಿತ್ರದ ಪ್ರಕಾರ ತುಂಡುಗಳನ್ನು ಎಣಿಸಿದ್ದೀರಾ ಎಂದು ಕೇಳಿ. ಕಾಲ ಗೊತ್ತಾಗದಿದ್ದರೆ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಕಮರ್ಷಿಯಲ್ ಪ್ಯಾಟರ್ನ್ ಆರ್ಕೈವ್‌ನಲ್ಲಿ ಹುಡುಕಬಹುದು. ನಂಬರ್ ಒಂದನ್ನೇ ನೆಚ್ಚಬೇಡಿ, ಕಂಪನಿಗಳು ಅದೇ ನಾಲ್ಕಂಕಿಯನ್ನು ಮತ್ತೆ ಮತ್ತೆ ಬಳಸಿವೆ. ಕಂಪನಿಯ ವಿಳಾಸದಲ್ಲಿ ಜಿಪ್ ಕೋಡ್ (ಅಮೆರಿಕದ ಪಿನ್‌ಕೋಡ್) ಇದ್ದರೆ ಅದು 1963ಕ್ಕಿಂತ ಹಳೆಯದಲ್ಲ.

2025ರಲ್ಲಿ ಬಟ್ಟೆ, ಹೊಲಿಗೆ ಸಾಮಾನು ಮಾರುತ್ತಿದ್ದ ಜೋಆನ್ ಅಂಗಡಿಗಳು ಮುಚ್ಚಿದ ಮೇಲೆ ನಾನಿರುವ ಊರಲ್ಲಿ ಹೊಸ ಪ್ಯಾಟರ್ನ್ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಜಾಗವೇ ಇಲ್ಲವಾಯಿತು. ಹಳೆಯವು ಮಾತ್ರ ಎಸ್ಟೇಟ್ ಸೇಲ್‌ಗಳಿಗೆ ಬರುತ್ತಲೇ ಇವೆ. ಭಾರತಕ್ಕೆ ತರಿಸಿಕೊಳ್ಳುವವರು ಮರುಮುದ್ರಣವನ್ನೇ ಮೊದಲು ನೋಡಿ, ಹಲವು ಸೈಜ್ ಒಂದೇ ಲಕೋಟೆಯಲ್ಲಿ ಸಿಗುತ್ತವೆ. ಮೂಲವೇ ಬೇಕೆಂದರೆ ಎರಡೂ ಬದಿಗೆ ರಟ್ಟಿಟ್ಟು ಕಳಿಸಲು ಮಾರಾಟಗಾರರಿಗೆ ಮೊದಲೇ ಬರೆಯಿರಿ, ಕೇಳದಿದ್ದರೆ ಹೆಚ್ಚಿನವರು ಇಡುವುದಿಲ್ಲ.